ಡಿಗ್ರಿ ಆಯ್ತು, ಮುಂದೆ? ವಯಸ್ಸಿನ ಕಾಲಂ ಮೊದಲು ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ನಮ್ಮ ಉತ್ತರ ಕನ್ನಡದವೇ. ನಾನು ಕಾರವಾರ, ಕುಮಟಾಗಳಲ್ಲಿ ರಸಾಯನಶಾಸ್ತ್ರ ಕಲಿಸಿ ಈಗ ಶಿರಸಿಯಲ್ಲಿ ಇರುವವಳು. ಡಿಗ್ರಿ ಮುಗಿಸಿದ ಮಕ್ಕಳು ಜೂನ್, ಜುಲೈ ತಿಂಗಳಲ್ಲಿ ಎಂಥ ಗೊಂದಲದಲ್ಲಿ ಇರ್ತಾರೆ ಅಂತ ಹತ್ತಿರದಿಂದ ನೋಡಿದ್ದೇನೆ. ಗೆಳತಿ ಸೇರಿದಳು ಅಂತ ತಾನೂ ಎಂ.ಎಸ್ಸಿ.ಗೆ ಸೇರುವುದು, ಮನೆಯಲ್ಲಿ ಸುಮ್ನೆ ಕೂತರೆ ಜನ ಕೇಳ್ತಾರೆ ಅಂತ ಬಿ.ಎಡ್.ಗೆ ಅರ್ಜಿ ಹಾಕುವುದು, ಇದೇ ಜಾಸ್ತಿ. ಕೋರ್ಸಿನ ಹೆಸರು ನೋಡುವ ಮೊದಲು, ನಿಮಗೆ ಬೇಕಾದ ಕೆಲಸದ ಹಳೆಯ ಅಧಿಸೂಚನೆಯೊಂದನ್ನು ಹುಡುಕಿ ಓದಿ. ಅದರಲ್ಲಿ ವಿದ್ಯಾರ್ಹತೆ ಮತ್ತು ವಯೋಮಿತಿ ಅಂತ ಎರಡು ಕಾಲಂ ಇರುತ್ತವೆ. ಈ ಸಲದ ಎಲ್ಲ ಉತ್ತರಗಳೂ ಆ ಎರಡು ಕಾಲಂ ಸುತ್ತಲೇ ಇವೆ.

ನಾನು ಅಂಕೋಲಾ ತಾಲ್ಲೂಕಿನವಳು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ ಓದಿದೆ. ಶೇ. 71 ಬಂದಿದೆ. ಅಪ್ಪ ಬೋಟಿಗೆ ಹೋಗುತ್ತಾರೆ, ಅಮ್ಮ ಮೀನು ಮಾರುತ್ತಾಳೆ. ಕಾರವಾರದ ಕೋಡಿಬಾಗದಲ್ಲಿ ಮರೈನ್ ಬಯಾಲಜಿ ಎಂ.ಎಸ್ಸಿ. ಮಾಡಬೇಕು ಅಂತ ನನಗೆ ಆಸೆ. ಅಮ್ಮ ಮಾತ್ರ, "ಮೀನಿನ ಬುಟ್ಟಿ ಬೇಡ ಅಂತಲೇ ನಿನ್ನ ಓದಿಸಿದ್ದು, ಮತ್ತೆ ಮೀನೇ ಯಾಕೆ? ಬಿ.ಎಡ್. ಮಾಡಿ ಟೀಚರ್ ಆಗು" ಅನ್ನುತ್ತಾಳೆ. ಏನು ಮಾಡಲಿ?
– ಓದುಗಿ, ಅಂಕೋಲಾ

ನಿಮ್ಮ ಅಮ್ಮನ ಮಾತಿಗೆ ನಾನು ಗೌರವ ಕೊಡ್ತೇನೆ. ಬೆಳಗಿನ ಜಾವ ಎದ್ದು ಬಂದರಿಗೆ ಹೋಗಿ, ಹರಾಜಿನಲ್ಲಿ ಮೀನು ಹಿಡಿದು, ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಳ್ಳಲು ಕಂಡಕ್ಟರ್ ಹತ್ತಿರ ಮಾತು ಕೇಳಿ ಮಗಳನ್ನು ಓದಿಸುವುದು ಸಣ್ಣ ಸಂಗತಿಯಲ್ಲ. ಅವರ ಭಯ ಮೀನಿನ ಬಗ್ಗೆ ಅಲ್ಲ. ಮಗಳಿಗೂ ಅದೇ ಕಷ್ಟ ಬರಬಹುದು ಅನ್ನುವುದರ ಬಗ್ಗೆ. ಹಾಗಾಗಿ ಮೊದಲು ಅಮ್ಮನನ್ನೇ ಕರೆದುಕೊಂಡು ಕೋಡಿಬಾಗಕ್ಕೆ ಹೋಗಿ ಬನ್ನಿ. ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದೇ ಸ್ನಾತಕೋತ್ತರ ವಿಭಾಗ. ಕಾಳಿ ನದಿ ಸಮುದ್ರ ಸೇರುವ ಜಾಗ ಅಲ್ಲೇ ಹತ್ತಿರ. ಅಲ್ಲಿನ ಅಧ್ಯಾಪಕರ ಹತ್ತಿರ ಅಮ್ಮನೇ ನೇರವಾಗಿ ಪ್ರಶ್ನೆ ಕೇಳಲಿ.

ಈ ಓದು ಅಂದರೆ ಏನು ಅಂತ ಅಮ್ಮನಿಗೆ ತೋರಿಸಲು ಬೈತಖೋಲ ಬಂದರಿಗಿಂತ ಒಳ್ಳೆಯ ಜಾಗ ಇಲ್ಲ. ಬೋಟು ಬಂದು ಬಂಗಡೆ ಇಳಿಸಿದಾಗ, ಒಬ್ಬರು ರಾಶಿಯಿಂದ ಕೆಲವು ಮೀನು ಆರಿಸಿ ಬದಿಗೆ ಇಡ್ತಾರೆ. ಒಂದೊಂದನ್ನೇ ಹಲಗೆಯ ಮೇಲೆ ಮಲಗಿಸಿ ಮೂತಿಯಿಂದ ಬಾಲದ ತುದಿ ತನಕ ಅಳೀತಾರೆ, ತೂಗ್ತಾರೆ. ಹೊಟ್ಟೆ ಸೀಳಿ ಒಳಗೆ ಮೊಟ್ಟೆ ಎಷ್ಟು ಬಲಿತಿದೆ, ಏನು ತಿಂದಿದೆ ಅಂತ ನೋಡಿ ಬರ್ಕೊಳ್ತಾರೆ. ಈ ವರ್ಷ ಬಂಗಡೆ ಯಾವಾಗ ಮೊಟ್ಟೆ ಇಡುತ್ತದೆ, ಎಷ್ಟು ಸಣ್ಣ ಮೀನನ್ನು ಹಿಡಿಯಬಾರದು ಅನ್ನುವ ಲೆಕ್ಕ ಹುಟ್ಟುವುದು ಇಂಥ ಸಾಲುಗಳಿಂದಲೇ. ಮಳೆಗಾಲದ ಮೀನುಗಾರಿಕೆ ನಿಷೇಧದ ಹಿಂದೆಯೂ ಇಂಥ ಅಧ್ಯಯನ ಇದೆ. ಆ ಮೊಟ್ಟೆಯನ್ನು ನಿಮ್ಮಮ್ಮ ಎಷ್ಟೋ ವರ್ಷಗಳಿಂದ ಕೈಯಲ್ಲೇ ನೋಡಿದ್ದಾರೆ. ಯಾವ ತಿಂಗಳಲ್ಲಿ ಯಾವ ಮೀನು ದಪ್ಪ, ಯಾವಾಗ ರುಚಿ ಇಲ್ಲ ಅಂತ ನಮ್ಮ ಪುಸ್ತಕಕ್ಕಿಂತ ಚೆನ್ನಾಗಿ ಹೇಳ್ತಾರೆ. ನೀವು ಅಲ್ಲಿಂದಲೇ ಓದು ಶುರು ಮಾಡುವವರು. ತರಗತಿಯಲ್ಲಿ ಮೊದಲ ಸಲ ತಾರ್ಲೆ ಯಾವುದು, ಬಂಗಡೆ ಯಾವುದು ಅಂತ ಕಲಿಯುವ ಹುಡುಗಿಗಿಂತ ನೀವು ಮುಂದೆ ಇದ್ದೀರಿ.

ಈಗ ಕೆಲಸದ ಮಾತು. ಇಲ್ಲಿ ಒಂದೂ ಮುಚ್ಚಿಡಬಾರದು. ಮರೈನ್ ಬಯಾಲಜಿ ಮಾಡಿದ ಕೂಡಲೇ ಕಾಯಂ ಕೆಲಸ ಸಿಗುವುದು ಕಡಿಮೆ. ಕಾರವಾರದಲ್ಲೇ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಪಂಜರದಲ್ಲಿ ಮೀನು ಸಾಕುವ ಕೆಲಸಕ್ಕೆ ಅದು ಹೆಸರಾಗಿದೆ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಇದೆ. ಇಂಥ ಕಡೆ ಮೊದಲು ಸಿಗುವುದು ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯುತ್ತದೆ. ಆದರೆ ಆ ಅನುಭವ ಇದ್ದವರಿಗೆ ಪಿಎಚ್.ಡಿ., ಹ್ಯಾಚರಿ (ಮೀನುಮರಿ ಕೇಂದ್ರ), ಪರಿಸರ ವರದಿ ಮಾಡುವ ಸಂಸ್ಥೆ, ಮೀನು ರಫ್ತು ಘಟಕದ ಗುಣಮಟ್ಟ ವಿಭಾಗ, ಇವೆಲ್ಲ ತೆರೆಯುತ್ತವೆ. ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಲೈಫ್ ಸೈನ್ಸ್ ವಿಷಯದಲ್ಲಿ ಜೆಆರ್‌ಎಫ್ (ಸಂಶೋಧನೆ ಮಾಡುವವರಿಗೆ ಕೊಡುವ ಫೆಲೋಶಿಪ್) ಸಿಕ್ಕರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ. 2023ರಿಂದ ಈ ಮೊತ್ತ ಜಾರಿಯಲ್ಲಿದೆ. ಅದಕ್ಕೆ ಎಂ.ಎಸ್ಸಿ. ಮುಗಿದ ಮೇಲೆ ಅಲ್ಲ, ಮೊದಲ ವರ್ಷದಿಂದಲೇ ಓದಬೇಕು. ಇನ್ನೊಂದು ವಿಷಯ. ಮೀನುಗಾರಿಕೆ ಕಾಲೇಜಿನ ಎಂ.ಎಫ್.ಎಸ್ಸಿ. ಬೇರೆ ಓದು. ಅದಕ್ಕೆ ಬಿ.ಎಫ್.ಎಸ್ಸಿ. ಕೇಳುತ್ತಾರೆ. ನಿಮ್ಮ ಬಿ.ಎಸ್ಸಿ. ಅಲ್ಲಿ ನಡೆಯುವುದಿಲ್ಲ.

ಹಾಗಾದರೆ ಬಿ.ಎಡ್.? ಅದೂ ಎರಡು ವರ್ಷ. ಬಿ.ಎಸ್ಸಿ., ಬಿ.ಎಡ್. ಮತ್ತು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಇದ್ದರೆ ಆರರಿಂದ ಎಂಟನೇ ತರಗತಿಯ ಶಿಕ್ಷಕರ ಹುದ್ದೆಗೆ ಪ್ರಯತ್ನ ಮಾಡಬಹುದು. ಟಿಇಟಿ ಒಮ್ಮೆ ಪಾಸಾದರೆ ಅದಕ್ಕೆ ಈಗ ಅವಧಿಯ ಮಿತಿ ಇಲ್ಲ. ಆದರೆ ಎಂ.ಎಸ್ಸಿ. ಜೊತೆ ಬಿ.ಎಡ್. ಇದ್ದರೆ ಪಿಯು ಉಪನ್ಯಾಸಕಿ ಆಗುವ ದಾರಿಯೂ ಸೇರುತ್ತದೆ. ಯಾವ ವಿಷಯದ ಎಂ.ಎಸ್ಸಿ. ನಡೆಯುತ್ತದೆ ಅಂತ ಅಧಿಸೂಚನೆಯಲ್ಲಿ ಬರೆದಿರುತ್ತದೆ. ಹಿಂದಿನ ನೇಮಕಾತಿಯ ಪ್ರತಿ ತೆಗೆದು, ಜೀವಶಾಸ್ತ್ರಕ್ಕೆ ಮರೈನ್ ಬಯಾಲಜಿ ಒಪ್ಪುತ್ತಾರಾ, ಪ್ರಾಣಿಶಾಸ್ತ್ರವೇ ಬೇಕಾ ಅಂತ ಕಣ್ಣಾರೆ ಓದಿ. ಪಿಯು ಕೆಲಸವೇ ನಿಮ್ಮ ಗುರಿ ಆದರೆ, ಪ್ರಾಣಿಶಾಸ್ತ್ರದ ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋಗುವುದೇ ಒಳ್ಳೆಯದು ಅಂತ ಆಗಬಹುದು.

ನನ್ನ ಅಭಿಪ್ರಾಯ ಕೇಳಿದರೆ, ಎಂ.ಎಸ್ಸಿ. ಮೊದಲು, ಬಿ.ಎಡ್. ಆಮೇಲೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ ಇದೆ, ಅದು ಕಾಯುವುದಿಲ್ಲ. ಬಿ.ಎಡ್. ಕಾಯುತ್ತದೆ. ಅಂಕೋಲಾದಿಂದ ಕಾರವಾರಕ್ಕೆ ದಿನಾ ಓಡಾಡಬಹುದು. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೆ ನಿಮಗೆ ಖರ್ಚಿಲ್ಲ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಈಗಲೇ ನಾಡಕಚೇರಿಯಿಂದ ತಂದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲೇ ಕೇಳಿ. ಎಷ್ಟೋ ಮಕ್ಕಳ ಹಣ ನಿಲ್ಲುವುದು ಇದೊಂದೇ ಕಾರಣಕ್ಕೆ.

2023ರಲ್ಲಿ ಬಿ.ಎಸ್ಸಿ. (ಪಿಸಿಎಂ) ಮುಗಿಸಿದೆ, ಶೇ. 66. ಈಗ ಗೋವಾದ ವೆರ್ಣಾದಲ್ಲಿ ಒಂದು ಔಷಧ ಕಂಪನಿಯಲ್ಲಿ ಕಾಂಟ್ರಾಕ್ಟ್ ಕೆಲಸ. ಬೆಳಿಗ್ಗೆ ರೈಲಿಗೆ ಹೋದರೆ ಬರುವುದು ರಾತ್ರಿ. ಎಂ.ಎಸ್ಸಿ. ಫಿಸಿಕ್ಸ್ ಮಾಡಲಾ? ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ನಮ್ಮಂಥವರಿಗೆ ಕೆಲಸ ಇದೆಯಾ? ಈಗಿನ ಸಂಬಳ ಮನೆಗೆ ಬೇಕು.
– ಓದುಗ, ಸದಾಶಿವಗಡ

ನಿಮ್ಮ ವಯಸ್ಸು ಬರೆದಿಲ್ಲ. 23 ಅಥವಾ 24 ಇರಬಹುದು. ಇಲ್ಲಿ ಅದೇ ಮುಖ್ಯ. ಅಣು ವಿದ್ಯುತ್ ನಿಗಮದವರು ಬಿ.ಎಸ್ಸಿ. ಆದವರನ್ನು ಸ್ಟೈಪೆಂಡಿಯರಿ ಟ್ರೈನಿ ಅಂತ ತೆಗೆದುಕೊಳ್ಳುತ್ತಾರೆ. ತರಬೇತಿಯ ಸಮಯದಲ್ಲಿ ಸ್ಟೈಪೆಂಡ್, ಅದು ಮುಗಿದ ಮೇಲೆ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆ. ಇದಕ್ಕೆ ಶೇ. 60 ಅಂಕ ಬೇಕು. ಭೌತಶಾಸ್ತ್ರ ಮುಖ್ಯ ವಿಷಯ ಆಗಿರಬೇಕು, ಇಲ್ಲವೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರಕ್ಕೂ ಸಮಾನ ಸ್ಥಾನ ಇರಬೇಕು. ಗಣಿತವೇ ಮುಖ್ಯ ವಿಷಯ ಆಗಿದ್ದವರಿಗೆ ಅವಕಾಶ ಇಲ್ಲ. ವಯಸ್ಸು ಸಾಮಾನ್ಯ ವರ್ಗಕ್ಕೆ 25 ದಾಟಿರಬಾರದು. ಒಬಿಸಿಗೆ ಮೂರು ವರ್ಷ, ಪರಿಶಿಷ್ಟರಿಗೆ ಐದು ವರ್ಷ ಸಡಿಲಿಕೆ ಇದೆ. ನಿಮ್ಮ ಪಿಸಿಎಂಗೆ ಇದು ಹೊಂದುತ್ತದೆ.

ಕೈಗಾದಲ್ಲಿ ಈಗ 220 ಮೆಗಾವಾಟ್‌ನ ನಾಲ್ಕು ಘಟಕ ಇವೆ. 700 ಮೆಗಾವಾಟ್‌ನ ಇನ್ನೆರಡು ಘಟಕದ ಕೆಲಸ ಆಗುತ್ತಿದೆ. ಅಲ್ಲಿ ಓದಿದವರ ಅಗತ್ಯ ಇದ್ದೇ ಇದೆ. ಆದರೆ ಪರೀಕ್ಷೆ ಇಡೀ ದೇಶದವರಿಗೆ. ಕಾರವಾರದವನು ಅಂತ ಯಾರೂ ಜಾಗ ಬಿಡುವುದಿಲ್ಲ. ಕೇಳುವುದು ಪಿಯು ಮತ್ತು ಬಿ.ಎಸ್ಸಿ. ಮಟ್ಟದ ಪ್ರಶ್ನೆಯೇ. ನೀವು ಮರೆತಿರುವುದು ಅದನ್ನೇ, ಅಲ್ವಾ? ರೈಲಿನಲ್ಲಿ ಹೋಗಿ ಬರುವ ಹೊತ್ತನ್ನು ಪಿಯು ಭೌತಶಾಸ್ತ್ರಕ್ಕೆ ಕೊಡಿ.

ಎಂ.ಎಸ್ಸಿ. ಬೇಡ ಅಂತ ಹೇಳುತ್ತಿಲ್ಲ. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಪರೀಕ್ಷೆ ಇದೆ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ ನಡೆಯುತ್ತದೆ, ಅರ್ಜಿ ಹಿಂದಿನ ಸೆಪ್ಟೆಂಬರ್ ಹೊತ್ತಿಗೆ ಶುರು. ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಅಂದರೆ ಟ್ರೈನಿ ಪರೀಕ್ಷೆ ಈಗ ಬರೆಯಿರಿ, ಜಾಮ್‌ಗೂ ಅದೇ ಓದಿನಲ್ಲಿ ಸಿದ್ಧರಾಗಿ. ಎರಡು ವರ್ಷ ಎಂ.ಎಸ್ಸಿ. ಮಾಡಿ ಬಂದು, ಆಮೇಲೆ ಟ್ರೈನಿ ಅಧಿಸೂಚನೆ ನೋಡಿದರೆ ವಯಸ್ಸು ದಾಟಿರುತ್ತದೆ. ಕೆಲಸ ಬಿಟ್ಟು ಓದುವ ಅವಸರ ಬೇಡ. ಮನೆಗೆ ಅದರ ಹಣ ಬೇಕು ಅಂತ ಪತ್ರದ ಕೊನೆಯಲ್ಲಿ ಬರೆದಿದ್ದೀರಿ.

ನಮ್ಮದು ಶಿರಸಿ ಹತ್ತಿರ ಎರಡು ಎಕರೆ ಅಡಿಕೆ ತೋಟ. ಬಿ.ಕಾಂ. ಶೇ. 62. ಊರಿನ ಸೇವಾ ಸಹಕಾರಿ ಸಂಘದಲ್ಲಿ ಹಂಗಾಮಿ ಕೆಲಸ ಮಾಡುತ್ತಿದ್ದೇನೆ. ಲೆಕ್ಕಪತ್ರ ನಾನೇ ಬರೆಯುತ್ತೇನೆ, ಆಡಿಟ್ ಬಂದಾಗ ಜೊತೆಗೆ ಕೂರುತ್ತೇನೆ. ಬೆಂಗಳೂರಿನ ಒಂದು ಖಾಸಗಿ ಕಾಲೇಜಿನವರು ಎಂಬಿಎಗೆ ಕರೆಯುತ್ತಿದ್ದಾರೆ. 8 ಲಕ್ಷ ಆಗುತ್ತದೆ, ಸಾಲ ಮಾಡಿಸಿ ಕೊಡುತ್ತೇವೆ, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಸೇರಲಾ?
– ಓದುಗ, ಶಿರಸಿ

ಸೇರುವ ಮೊದಲು ಒಂದು ಲೆಕ್ಕ ಹಾಕೋಣ. 8 ಲಕ್ಷ ಸಾಲ, ಶೇ. 10 ಬಡ್ಡಿ, ಏಳು ವರ್ಷದಲ್ಲಿ ತೀರಿಸುವುದು ಅಂತ ಇಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 13,300 ರೂಪಾಯಿ ಆಗುತ್ತದೆ. ಓದುವ ಎರಡು ವರ್ಷದ ಬಡ್ಡಿ ಅಸಲಿಗೆ ಸೇರಿದರೆ ಇನ್ನೂ ಜಾಸ್ತಿ. ಬೆಂಗಳೂರಿನಲ್ಲಿ 25,000 ಸಂಬಳದ ಕೆಲಸ ಸಿಕ್ಕಿತು ಅನ್ನಿ. ಕಂತು ಕಟ್ಟಿ ಪಿಜಿ ಬಾಡಿಗೆ ಕೊಟ್ಟರೆ ಊಟಕ್ಕೆ ಅಪ್ಪನಿಗೇ ಫೋನ್ ಮಾಡಬೇಕು.

ಗ್ಯಾರಂಟಿ ಅಂದವರಿಗೆ ಹೀಗೆ ಕೇಳಿ: ಕಳೆದ ವರ್ಷ ಕೆಲಸ ಸಿಕ್ಕವರ ಪಟ್ಟಿ ಕೊಡಿ. ಯಾವ ಕಂಪನಿ, ಯಾವ ಹುದ್ದೆ, ಕೈಗೆ ಬರುವ ಸಂಬಳ ಎಷ್ಟು? ಅವರಲ್ಲಿ ಇಬ್ಬರು ಹುಡುಗರ ಹತ್ತಿರ ನೀವೇ ಮಾತಾಡಿ. ಪಟ್ಟಿ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೆ ಬಿಟ್ಟುಬಿಡಿ. ನಮ್ಮ ಕಡೆಯ ಮಕ್ಕಳಿಗೆ ಹೀಗೆ ಎದುರಿಗೆ ಕೂತು ಕೇಳಲು ಸಂಕೋಚ. ಆ ಸಂಕೋಚಕ್ಕೆ ಲಕ್ಷಗಟ್ಟಲೆ ಕೊಡುವ ಮನೆಗಳನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಎಂಬಿಎ ಮಾಡಲೇಬೇಕು ಅಂತಿದ್ದರೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಿರಿ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ್ದೇ ಕೌಸಾಳಿ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಸಾಲಕ್ಕೆ ಪಿಎಂ ವಿದ್ಯಾಲಕ್ಷ್ಮಿ ಯೋಜನೆ 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದಿದೆ. ಜಾಮೀನು, ಅಡಮಾನ ಬೇಡ. ಮನೆಯ ಆದಾಯ 8 ಲಕ್ಷದ ಒಳಗೆ ಇದ್ದರೆ 10 ಲಕ್ಷದ ತನಕದ ಸಾಲಕ್ಕೆ, ಓದುವಾಗ ಮತ್ತು ಕಂತು ಶುರುವಾಗುವ ಮುಂಚಿನ ಅವಧಿಯಲ್ಲಿ, ಬಡ್ಡಿಯಲ್ಲಿ ಶೇ. 3 ಸರ್ಕಾರ ಕೊಡುತ್ತದೆ. ಆದರೆ ಇದು ಆಯ್ದ ಸಂಸ್ಥೆಗಳಿಗೆ ಮಾತ್ರ. ನಿಮ್ಮನ್ನು ಕರೆಯುವ ಕಾಲೇಜು ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ. ತೋಟದ ಪಹಣಿ ಕೊಟ್ಟು ಸಾಲ ಮಾಡುವ ಮಾತು ಬಂದರೆ ಒಪ್ಪಬೇಡಿ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆಯೇ ಸಾಲು. ಸಂಘದ ಲೆಕ್ಕಪತ್ರ ನೀವೇ ಬರೆಯುತ್ತೀರಿ, ಆಡಿಟ್ ಬಂದಾಗ ಜೊತೆಗೆ ಕೂರುತ್ತೀರಿ ಅಂತ ಹೇಳಿದ್ದೀರಿ. ಹಾಗಾದರೆ ಸಿಎ ಯಾಕೆ ಯೋಚನೆ ಮಾಡಲಿಲ್ಲ? ಬಿ.ಕಾಂ.ನಲ್ಲಿ ಶೇ. 55 ಇದ್ದವರಿಗೆ ಫೌಂಡೇಶನ್ ಪರೀಕ್ಷೆ ಬೇಡ. ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಣಿ ಮಾಡಬಹುದು. ಅದರ ಎರಡೂ ಗ್ರೂಪ್ ಪಾಸಾದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್, ಅಂದರೆ ಒಬ್ಬ ಸಿಎ ಕೈಕೆಳಗೆ ತರಬೇತಿ. ಆ ಅವಧಿಯಲ್ಲಿ ಸ್ಟೈಪೆಂಡ್ ಬರುತ್ತದೆ. ಖರ್ಚು ಆ ಎಂಬಿಎಯ ಹತ್ತಿರಕ್ಕೂ ಬರುವುದಿಲ್ಲ. ಕಷ್ಟದ ಪರೀಕ್ಷೆ, ಇಂಟರ್‌ನಲ್ಲೇ ಬಿಟ್ಟವರು ಬಹಳ ಜನ. ಅದನ್ನೂ ಹೇಳಲೇಬೇಕು. ಆದರೆ ನಮ್ಮ ಶಿರಸಿ ಸಹಕಾರಿಗಳ ಊರು. ಅಡಿಕೆ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್ ಇದೆ, ಜಿಲ್ಲಾ ಸಹಕಾರಿ ಬ್ಯಾಂಕಾದ ಕೆಡಿಸಿಸಿಯ ಪ್ರಧಾನ ಕಚೇರಿ ಇದೆ, ಹಳ್ಳಿಗೊಂದು ಸೇವಾ ಸಂಘ ಇದೆ. ಇವುಗಳಿಗೆಲ್ಲ ವರ್ಷಾ ವರ್ಷ ಲೆಕ್ಕಪರಿಶೋಧನೆ ಆಗಬೇಕು. ಅಡಿಕೆ ವ್ಯವಹಾರ, ಬೆಳೆಸಾಲ ಒಳಗಿನಿಂದ ಗೊತ್ತಿರುವ ಸಿಎಗೆ ಇಲ್ಲಿ ಕೆಲಸ ಇದೆ. ತೋಟದ ಮನೆಯಲ್ಲೇ ಇದ್ದು ಮಾಡಬಹುದಾದ ವೃತ್ತಿ ಇದು. ಇಂಟರ್‌ಗೆ ಎರಡು ವರ್ಷ ಅಂತ ಗಡುವು ಹಾಕಿಕೊಳ್ಳಿ. ಆಗದಿದ್ದರೆ ಕಲಿತದ್ದು ಬ್ಯಾಂಕ್ ಪರೀಕ್ಷೆಗೂ ಎಂ.ಕಾಂ.ಗೂ ಉಪಯೋಗಕ್ಕೆ ಬರುತ್ತದೆ.

ಮಗ ಬಿ.ಎ. ಮುಗಿಸಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಐಎಎಸ್, ಕೆಎಎಸ್ ಅಂತ ಓದುತ್ತಿದ್ದಾನೆ. ಈಗ 26 ವರ್ಷ. ಬೇರೆ ಪರೀಕ್ಷೆ ಬರಿ ಅಂದರೆ ಸಿಟ್ಟು ಮಾಡುತ್ತಾನೆ. ತಂದೆಯಾಗಿ ಏನು ಹೇಳಲಿ?
– ಓದುಗರು, ಹೊನ್ನಾವರ

ಬೈಯಬೇಡಿ. ಅವನೂ ರಾತ್ರಿ ನಿದ್ದೆಗೆಟ್ಟು ಓದುತ್ತಿದ್ದಾನೆ. ಆದರೆ ಹಣ ಕಳಿಸುವವರಿಗೆ ಕೇಳುವ ಹಕ್ಕಿದೆ. ಯುಪಿಎಸ್‌ಸಿಗೆ ಸಾಮಾನ್ಯ ವರ್ಗಕ್ಕೆ 32ರ ತನಕ ಅವಕಾಶ, ಆರು ಪ್ರಯತ್ನ. ಬ್ಯಾಂಕುಗಳಿಗೆ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಕ್ಲರ್ಕ್ ಹುದ್ದೆಗೆ 28ಕ್ಕೇ ಮುಗಿಯುತ್ತದೆ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಕೂಡ 28, ಆಫೀಸರ್ ಹುದ್ದೆ 30. ಹಿಂದುಳಿದ ವರ್ಗಕ್ಕೆ ಮೂರು ವರ್ಷ ಸಡಿಲಿಕೆ ಸಿಗಬಹುದು. ದೊಡ್ಡ ಪರೀಕ್ಷೆಯ ಬಾಗಿಲು ಇನ್ನೂ ತೆರೆದಿರುವಾಗಲೇ ಸಣ್ಣ ಪರೀಕ್ಷೆಯ ಬಾಗಿಲು ಮುಚ್ಚಿಹೋಗುತ್ತದೆ. ಎಷ್ಟೋ ಹುಡುಗರಿಗೆ ಇದು ಗೊತ್ತಾಗುವುದು 29ಕ್ಕೆ.

ಈಗ ಐಬಿಪಿಎಸ್ ಕ್ಲರ್ಕ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ನಮ್ಮ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ. ಅಲ್ಲಿ ಕನ್ನಡ ಬಲ್ಲವರೇ ಬೇಕು. ಗಣಿತ, ರೀಸನಿಂಗ್ ಬಿಟ್ಟರೆ ಅವನು ಓದುವ ಸಾಮಾನ್ಯ ಜ್ಞಾನ, ಪ್ರಚಲಿತ ವಿದ್ಯಮಾನ ಅಲ್ಲಿಗೂ ಆಗುತ್ತದೆ. "ಐಎಎಸ್ ಬಿಡು" ಅನ್ನಬೇಡಿ. "ಈ ವರ್ಷ ಇದನ್ನೂ ಬರಿ" ಅನ್ನಿ. ಕೆಲಸದಲ್ಲಿ ಇದ್ದುಕೊಂಡೇ ಮತ್ತೆ ಬರೆದವರು ಸಾಕಷ್ಟು ಜನ ಇದ್ದಾರೆ. ಹಾಗೆಯೇ ಎಂ.ಎ.ಗೆ ದೂರಶಿಕ್ಷಣದಲ್ಲಾದರೂ ಸೇರಲಿ. ಬರೀ ಬಿ.ಎ. ಜೊತೆ ನಾಲ್ಕು ವರ್ಷ ಖಾಲಿ ಉಳಿದರೆ, ಮುಂದೆ ಸಂದರ್ಶನದಲ್ಲಿ ಅದನ್ನೇ ಕೇಳುತ್ತಾರೆ.

2023ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಅಡಿಯಲ್ಲಿ ಬಿ.ಎ.ಗೆ ಸೇರಿದವಳು. ನಾಲ್ಕನೇ ವರ್ಷದ ಆನರ್ಸ್ ಮಾಡಲಾ, ಎಂ.ಎ.ಗೆ ಹೋಗಲಾ?
– ಓದುಗಿ, ಕುಮಟಾ

ರಾಜ್ಯದಲ್ಲಿ 2024-25ರಿಂದ ಮೂರು ವರ್ಷದ ಡಿಗ್ರಿಯೇ ಮತ್ತೆ ಬಂದಿದೆ. ಅದಕ್ಕೂ ಮೊದಲು ಎನ್‌ಇಪಿ ಅಡಿಯಲ್ಲಿ ಸೇರಿದ ನಿಮ್ಮಂಥವರಿಗೆ ಮಾತ್ರ ಆನರ್ಸ್ ಆಯ್ಕೆ ಇದೆ. ಆನರ್ಸ್ ಮಾಡಿದರೆ ಮುಂದೆ ಒಂದು ವರ್ಷದ ಎಂ.ಎ. ಸಾಕು ಅನ್ನುತ್ತಾರೆ. ಆ ಒಂದು ವರ್ಷದ ಎಂ.ಎ. ನೀವು ಹೋಗಬೇಕೆಂದಿರುವ ವಿಶ್ವವಿದ್ಯಾಲಯದಲ್ಲಿ ನಿಜವಾಗಿ ನಡೆಯುತ್ತಿದೆಯಾ ಅಂತ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ. ನಡೆಯುತ್ತಿಲ್ಲ ಅಂದರೆ ನೇರ ಎರಡು ವರ್ಷದ ಎಂ.ಎ. ಸೇರಿ. ಪಿಎಚ್.ಡಿ. ಆಸೆ ಗಟ್ಟಿ ಇದ್ದು, ಅಂಕ ಶೇ. 75ರ ಮೇಲೆ ಬರುತ್ತದೆ ಅಂತಾದರೆ ಮಾತ್ರ ಆನರ್ಸ್ ಒಳ್ಳೆಯದು. ಅಷ್ಟು ಅಂಕ ಇದ್ದರೆ ನಾಲ್ಕು ವರ್ಷದ ಡಿಗ್ರಿಯಿಂದಲೇ ಯುಜಿಸಿ ನೆಟ್ ಬರೆಯಬಹುದು.

ಬಿ.ಎ. ಮುಗಿಸಿದ ಕೂಡಲೇ ಮದುವೆ ಆಯಿತು. ಈಗ 32 ವರ್ಷ, ಮಗಳು ಶಾಲೆಗೆ ಹೋಗುತ್ತಾಳೆ. ಕನ್ನಡ ಎಂ.ಎ. ಮಾಡುವ ಮನಸ್ಸಿದೆ. ಈ ವಯಸ್ಸಿನಲ್ಲಿ ಪ್ರಯೋಜನ ಇದೆಯಾ? ಮನೆ ಬಿಟ್ಟು ಹೋಗಲು ಆಗುವುದಿಲ್ಲ.
– ಓದುಗಿ, ಸಿದ್ದಾಪುರ

ಖಂಡಿತ ಇದೆ. ಆದರೆ ಈ ವರ್ಷವೇ ಸೇರಿ. ಯಾಕೆ ಅಂತ ಹೇಳುತ್ತೇನೆ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಮನೆಯಲ್ಲಿದ್ದೇ ಕನ್ನಡ ಎಂ.ಎ. ಓದಬಹುದು. ಯುಜಿಸಿ ಮಾನ್ಯತೆ ಇರುವ ದೂರಶಿಕ್ಷಣದ ಪದವಿ ರೆಗ್ಯುಲರ್ ಪದವಿಗೆ ಸಮಾನ. ಎಂ.ಎ.ಯಲ್ಲಿ ಶೇ. 55 (ಹಿಂದುಳಿದ ವರ್ಗ, ಪರಿಶಿಷ್ಟರಿಗೆ ಶೇ. 50) ಬಂದರೆ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ (ರಾಷ್ಟ್ರಮಟ್ಟದ್ದು), ಕೆ-ಸೆಟ್ (ರಾಜ್ಯದ್ದು) ಬರೆಯಬಹುದು. ಕೆ-ಸೆಟ್‌ಗೆ ವಯಸ್ಸಿನ ಮಿತಿ ಇಲ್ಲ. ನೆಟ್ ಪಾಸಾಗಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹರಾಗಲೂ ಮಿತಿ ಇಲ್ಲ. ಜೆಆರ್‌ಎಫ್‌ಗೆ ಮಾತ್ರ 30 ವರ್ಷ, ಆದರೆ ಮಹಿಳೆಯರಿಗೆ ಐದು ವರ್ಷ ಸಡಿಲಿಕೆ ಇದೆ. ಅಂದರೆ ನಿಮಗೆ 35. ಎಂ.ಎ. ಕೊನೆಯ ವರ್ಷದಲ್ಲಿ ಇರುವವರೂ ನೆಟ್‌ಗೆ ಕೂರಬಹುದು. ಈಗ ಸೇರಿದರೆ 33, 34ರಲ್ಲಿ ನಿಮಗೆ ಒಂದಕ್ಕಿಂತ ಹೆಚ್ಚು ಅವಕಾಶ ಸಿಗುತ್ತದೆ. ಎರಡು ವರ್ಷ ತಡ ಮಾಡಿದರೆ ಆ ಫೆಲೋಶಿಪ್ ಕೈತಪ್ಪುತ್ತದೆ.

ನೆಟ್‌ನಲ್ಲಿ ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು ಕನ್ನಡ ವಿಷಯದ್ದು 100 ಪ್ರಶ್ನೆ. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಮೊದಲ ಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಇರುತ್ತದೆ. ಕನ್ನಡ ಮಾಧ್ಯಮದವರು ಸೋಲುವುದು ಅಲ್ಲೇ. ದಿನಾ ಅರ್ಧ ಗಂಟೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ಮಗಳು ಮನೆಪಾಠ ಮಾಡುವ ಹೊತ್ತಿಗೆ ನೀವೂ ಪಕ್ಕದಲ್ಲಿ ಪುಸ್ತಕ ಹಿಡಿದು ಕೂತುಬಿಡಿ. ಮನೆಯವರಿಗೂ ಅದು ಅಭ್ಯಾಸ ಆಗುತ್ತದೆ, ಆಮೇಲೆ ಯಾರೂ ಕೇಳುವುದಿಲ್ಲ. ಹಳೆಗನ್ನಡ, ನಡುಗನ್ನಡಕ್ಕೆ ಭಯ ಬೇಡ. ನಿಮ್ಮ ಕಡೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಪಂಪ, ಕುಮಾರವ್ಯಾಸರ ಕಥೆಯಲ್ಲಿ ಯಾರು ಯಾರಿಗೆ ಏನಾಗಬೇಕು ಅಂತ ಹೇಳಿಕೊಡಬೇಕಾಗಿಲ್ಲ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಅಂಕಪಟ್ಟಿಯಲ್ಲಿ ತವರಿನ ಹೆಸರು ಇರುತ್ತದೆ, ಆಧಾರ್‌ನಲ್ಲಿ ಮದುವೆ ಆದ ಮೇಲಿನ ಹೆಸರು. ಎರಡನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸ ಇದ್ದರೆ ಆಧಾರ್ ಹೆಸರನ್ನು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೆ ಹೊಂದುವ ಹಾಗೆ ಈಗಲೇ ತಿದ್ದಿಸಿಕೊಳ್ಳಿ. ಪರೀಕ್ಷೆಯ ಪ್ರವೇಶಪತ್ರ ಕೈಗೆ ಬಂದ ಮೇಲೆ ಇದಕ್ಕೆ ಓಡಾಡುವುದು ಬಹಳ ಕಷ್ಟ.